ಎಚ್‌ಸಿಐ ಎಂಎಸ್ಸೋ, ಸಿಎಸ್ ಎಂಎಸ್ಸೋ? ಹೆಸರು ಬಿಟ್ಟು ಪಠ್ಯ ನೋಡಿ ಆರಿಸುವ ಬಗೆ

ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡುವುದನ್ನೇ ತೆಗೆದುಕೊಳ್ಳಿ. ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದ ಪದವನ್ನು ಕನ್ನಡ ಲಿಪಿಗೆ ತರುವಾಗ ಅದು ನ ಆಗಬೇಕೋ ಣ ಆಗಬೇಕೋ, ಹ್ರಸ್ವವೋ ದೀರ್ಘವೋ ಎಂದು ಊಹಿಸುವ ಮಾಡೆಲ್ ಕಟ್ಟುವುದು, ಅದನ್ನು ಕಡಿಮೆ ಮೆಮೊರಿಯ ಫೋನಿನಲ್ಲೂ ತಡವರಿಸದಂತೆ ಓಡಿಸುವುದು ಒಂದು ಕೆಲಸ. ಒತ್ತಕ್ಷರ ಬಂದಾಗ ಜನರ ಬೆರಳು ಎಲ್ಲಿ ನಿಲ್ಲುತ್ತದೆ, ತಪ್ಪು ಸಲಹೆ ಕಣ್ಣೆದುರೇ ಇದ್ದರೂ ಅದನ್ನೇಕೆ ಒಪ್ಪಿಕೊಂಡು ಮುಂದೆ ಹೋಗುತ್ತಾರೆ, ವಯಸ್ಸಾದವರು ಟೈಪಿಂಗ್ ಬಿಟ್ಟು ವಾಯ್ಸ್ ಮೆಸೇಜಿಗೆ ಏಕೆ ಜಾರುತ್ತಾರೆ ಎಂದು ಪಕ್ಕದಲ್ಲಿ ಕೂತು ನೋಡಿ, ಅಳೆದು, ಕೀಬೋರ್ಡ್ ಬದಲಿಸಿ, ಮತ್ತೆ ಅಳೆಯುವುದು ಇನ್ನೊಂದು ಕೆಲಸ. ಮೊದಲನೆಯದನ್ನು ಕಂಪ್ಯೂಟರ್ ಸೈನ್ಸ್ (ಸಿಎಸ್) ಕಲಿಸುತ್ತದೆ. ಎರಡನೆಯದು ಎಚ್‌ಸಿಐ, ಅಂದರೆ ಹ್ಯೂಮನ್-ಕಂಪ್ಯೂಟರ್ ಇಂಟರಾಕ್ಷನ್.

ಎರಡರಲ್ಲಿ ಯಾವುದಕ್ಕೆ ಎಂಎಸ್ ಮಾಡಬೇಕು ಎಂದು ಕೇಳುವವರು ಸಾಮಾನ್ಯವಾಗಿ ಸಂಬಳ, ರ‍್ಯಾಂಕಿಂಗ್, ವೀಸಾ ಎಂಬ ಕ್ರಮದಲ್ಲಿ ಯೋಚಿಸುತ್ತಾರೆ. ಈ ಕ್ರಮ ತಲೆಕೆಳಗು. ಮೊದಲು ದಿನಕ್ಕೆ ಎಂಟು ಗಂಟೆ ಯಾವ ಕೆಲಸ ಮಾಡಬಲ್ಲಿರಿ ಎಂದು ತಿಳಿಯಬೇಕು. ಆಮೇಲೆ ಆ ಕೆಲಸವನ್ನು ನಿಜಕ್ಕೂ ಕಲಿಸುವ ಕೋರ್ಸ್ ಯಾವುದೆಂದು ಪಠ್ಯಕ್ರಮ ತೆರೆದು ನೋಡಬೇಕು. ಎಚ್‌ಸಿಐ ಎಂಬ ಹೆಸರಿನಡಿ ಸಿಗುವ ಪದವಿಗಳು ಒಂದಕ್ಕೊಂದು ಎಷ್ಟು ಬೇರೆ ಎಂದರೆ, ಬರಿಯ ಹೆಸರಿನಿಂದ ಏನೂ ಗೊತ್ತಾಗುವುದಿಲ್ಲ.

ಯಾವ ಸ್ಕೂಲಿನ ಒಳಗಿದೆ?

ಅಮೆರಿಕದಲ್ಲಿ ಮೊದಲು ನೋಡಬೇಕಾದ್ದು ಇದನ್ನು. ಕಾರ್ನೆಗಿ ಮೆಲನ್‌ನ ಎಚ್‌ಸಿಐ ಇನ್‌ಸ್ಟಿಟ್ಯೂಟ್ 1990ರ ದಶಕದಲ್ಲಿ ಶುರುವಾಯಿತು, ಅದು ಅಲ್ಲಿನ ಸ್ಕೂಲ್ ಆಫ್ ಕಂಪ್ಯೂಟರ್ ಸೈನ್ಸ್‌ನ ಒಳಗೇ ಇದೆ. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಯುಎಕ್ಸ್ (ಯೂಸರ್ ಎಕ್ಸ್‌ಪೀರಿಯೆನ್ಸ್, ಅಂದರೆ ಬಳಕೆದಾರರ ಅನುಭವ) ಓದಬೇಕೆಂದರೆ ಸ್ಕೂಲ್ ಆಫ್ ಇನ್ಫರ್ಮೇಶನ್‌ಗೆ ಹೋಗಬೇಕು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಕಾಲೇಜಿನೊಳಗೆ ಎಚ್‌ಸಿಡಿಇ (ಹ್ಯೂಮನ್ ಸೆಂಟರ್ಡ್ ಡಿಸೈನ್ ಆ್ಯಂಡ್ ಎಂಜಿನಿಯರಿಂಗ್) ಎಂಬ ವಿಭಾಗವಿದೆ. ಅದಲ್ಲದೆ ನಾಲ್ಕು ವಿಭಾಗಗಳು ಸೇರಿ ನಡೆಸುವ ಎಂಎಚ್‌ಸಿಐ+ಡಿ ಎಂಬ, ಎಚ್‌ಸಿಐ ಮತ್ತು ಡಿಸೈನ್ ಎರಡನ್ನೂ ಸೇರಿಸಿದ ಪದವಿಯೂ ಇದೆ. ಜಾರ್ಜಿಯಾ ಟೆಕ್‌ನ ಎಂಎಸ್-ಎಚ್‌ಸಿಐಗೆ ಅರ್ಜಿ ಹಾಕುವಾಗಲೇ ನಾಲ್ಕು ಟ್ರ್ಯಾಕ್‌ಗಳಲ್ಲಿ ಒಂದನ್ನು ಹಿಡಿಯಬೇಕು: ಇಂಟರಾಕ್ಟಿವ್ ಕಂಪ್ಯೂಟಿಂಗ್, ಇಂಡಸ್ಟ್ರಿಯಲ್ ಡಿಸೈನ್, ಸೈಕಾಲಜಿ, ಡಿಜಿಟಲ್ ಮೀಡಿಯಾ. ಒಂದೇ ಪದವಿ, ಆದರೆ ಮೊದಲನೆಯದಕ್ಕೆ ಪ್ರೋಗ್ರಾಮಿಂಗ್ ಬರಬೇಕು, ಎರಡನೆಯದಕ್ಕೆ ಡಿಸೈನ್ ಪೋರ್ಟ್‌ಫೋಲಿಯೊ (ಮಾಡಿದ ಕೆಲಸಗಳ ಸಂಗ್ರಹ) ಬೇಕು. ಸಿಎಸ್ ಓದಿದವರು ಪೋರ್ಟ್‌ಫೋಲಿಯೊ ಇಲ್ಲದೆ ಡಿಸೈನ್ ಟ್ರ್ಯಾಕ್‌ಗೆ ಹಾಕಿ ಅರ್ಜಿ ಶುಲ್ಕ ಕಳೆದುಕೊಳ್ಳುವುದು ಅಪರೂಪವೇನಲ್ಲ.

ಬಹಳ ಮಂದಿಯ ಕಣ್ಣು ತಪ್ಪಿಸುವ ಮೂರನೇ ದಾರಿಯೊಂದಿದೆ: ಎಂಎಸ್ ಸಿಎಸ್ ಮಾಡಿ, ಅದರೊಳಗೇ ಎಚ್‌ಸಿಐ ಸ್ಪೆಶಲೈಸೇಶನ್ ತೆಗೆದುಕೊಳ್ಳುವುದು. ಸ್ಟ್ಯಾನ್‌ಫರ್ಡ್ ಮತ್ತು ಜಾರ್ಜಿಯಾ ಟೆಕ್ ಎರಡರಲ್ಲೂ ಇದಕ್ಕೆ ಅವಕಾಶವಿದೆ. ಬಿಇ ಸಿಎಸ್ ಅಥವಾ ಐಎಸ್ ಮುಗಿಸಿ ಕೋಡ್ ಬರೆಯುವುದರಲ್ಲೂ ಖುಷಿ ಇರುವವರಿಗೆ, ತೀರ್ಮಾನ ಇನ್ನೂ ಅತ್ತಿತ್ತ ಓಲಾಡುತ್ತಿದ್ದರೆ, ನಮ್ಮ ಸಲಹೆ ಇದೇ. ಸಾಫ್ಟ್‌ವೇರ್ ಕೆಲಸದ ಬಾಗಿಲು ಪೂರ್ತಿ ತೆರೆದಿರುತ್ತದೆ, ಎಚ್‌ಸಿಐನ ನಾಲ್ಕೈದು ಗಟ್ಟಿ ಕೋರ್ಸ್‌ಗಳೂ ಸಿಗುತ್ತವೆ. ಸಿಗದೆ ಹೋಗುವುದು ಎರಡು: ಪದವಿಯ ಕೊನೆಗೆ ತಂಡವಾಗಿ ಮಾಡುವ ದೊಡ್ಡ ಕ್ಯಾಪ್‌ಸ್ಟೋನ್ ಪ್ರಾಜೆಕ್ಟು, ಮತ್ತು ಡಿಸೈನ್, ಸೈಕಾಲಜಿ ಓದಿ ಬಂದ ಸಹಪಾಠಿಗಳ ಜೊತೆ ಜಗಳವಾಡುತ್ತಾ ಕೆಲಸ ಮಾಡುವ ಅಭ್ಯಾಸ. ಎರಡನೆಯದರ ಬೆಲೆ ಕಡಿಮೆಯಲ್ಲ.

ಶುದ್ಧ ಎಚ್‌ಸಿಐ ಪದವಿ ಯಾರಿಗೆ ಸರಿ? ಯುಎಕ್ಸ್ ರಿಸರ್ಚ್ ಅಥವಾ ಪ್ರಾಡಕ್ಟ್ ಡಿಸೈನನ್ನೇ ವೃತ್ತಿ ಮಾಡಿಕೊಳ್ಳುವುದು ಖಚಿತವಾಗಿರುವವರಿಗೆ, ಮತ್ತು ಸೈಕಾಲಜಿ, ಆರ್ಕಿಟೆಕ್ಚರ್, ಪತ್ರಿಕೋದ್ಯಮ, ಮೆಕ್ಯಾನಿಕಲ್ ಹೀಗೆ ಬೇರೆ ಕಡೆಯಿಂದ ಬಂದವರಿಗೆ. ಅವರು ಸಿಎಸ್‌ಗೆ ಹೋಗಬೇಕೆಂದರೆ ಡಿಸ್ಕ್ರೀಟ್ ಮ್ಯಾತ್ಸ್, ಡೇಟಾ ಸ್ಟ್ರಕ್ಚರ್ಸ್, ಆಲ್ಗರಿದಮ್ಸ್, ಆಪರೇಟಿಂಗ್ ಸಿಸ್ಟಮ್, ಕಂಪ್ಯೂಟರ್ ಆರ್ಕಿಟೆಕ್ಚರ್ ಇಂಥ ವಿಷಯಗಳು ಸಾಮಾನ್ಯವಾಗಿ ಅಂಕಪಟ್ಟಿಯಲ್ಲಿ ಕಾಣಬೇಕಾಗುತ್ತದೆ. ಆನ್‌ಲೈನ್ ಸರ್ಟಿಫಿಕೇಟನ್ನು ಎಲ್ಲ ಕಡೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾರ್ತ್‌ಈಸ್ಟರ್ನ್‌ನ ಅಲೈನ್‌ನಂತಹ, ಬೇರೆ ಹಿನ್ನೆಲೆಯವರಿಗೆಂದೇ ಮಾಡಿದ ಸಿಎಸ್ ಪದವಿಗಳಿವೆ. ಅಲ್ಲಿ ಸೇತುವೆ ಕೋರ್ಸ್‌ಗಳಿಗೆ ಹೆಚ್ಚಿನ ಸೆಮಿಸ್ಟರ್, ಹೆಚ್ಚಿನ ದುಡ್ಡು ಹೋಗುತ್ತದೆ.

ಕ್ರೆಡಿಟ್ ಎಣಿಸಿ

ಪ್ರತಿ ಕೋರ್ಸ್‌ನ ವಿದ್ಯಾರ್ಥಿ ಕೈಪಿಡಿ ಇಳಿಸಿಕೊಳ್ಳಿ. ಜಾಹೀರಾತಿನ ಪುಟ ಬೇಡ, ಕೈಪಿಡಿಯೇ ಬೇಕು. ಒಂದು ಶೀಟಿನಲ್ಲಿ ನಾಲ್ಕು ಕಾಲಂ ಮಾಡಿ: ಕಟ್ಟುವ ವಿಷಯಗಳು (ಪ್ರೋಗ್ರಾಮಿಂಗ್, ಸಿಸ್ಟಮ್ಸ್, ಮಷಿನ್ ಲರ್ನಿಂಗ್), ಜನರನ್ನು ಅಧ್ಯಯನ ಮಾಡುವ ವಿಷಯಗಳು (ಸಂದರ್ಶನ, ಪ್ರಯೋಗ, ಸ್ಟ್ಯಾಟಿಸ್ಟಿಕ್ಸ್), ವಿನ್ಯಾಸದ ವಿಷಯಗಳು (ಸ್ಟುಡಿಯೊ, ಪ್ರೊಟೊಟೈಪ್), ಮತ್ತು ನಿಮ್ಮ ಇಷ್ಟಕ್ಕೆ ಬಿಟ್ಟ ಎಲೆಕ್ಟಿವ್. ಕಡ್ಡಾಯ ಕ್ರೆಡಿಟ್‌ಗಳನ್ನು ಕಾಲಂಗೆ ಹಂಚಿ ಕೂಡಿಸಿ. ಮೊದಲ ಕಾಲಂನಲ್ಲಿ ಒಂದೇ ಕೋರ್ಸ್ ಇದ್ದರೆ, ಅಲ್ಲಿ ಓದಿ ಸಾಫ್ಟ್‌ವೇರ್ ಎಂಜಿನಿಯರ್ ಆಗುತ್ತೇನೆಂಬ ಲೆಕ್ಕ ಹಾಕಬೇಡಿ. ಎರಡನೆಯದರಲ್ಲಿ ಸ್ಟ್ಯಾಟಿಸ್ಟಿಕ್ಸ್ ಇಲ್ಲವೇ ಇಲ್ಲವೆಂದರೆ ಅದು ಡಿಸೈನ್ ಪದವಿ, ರಿಸರ್ಚ್ ಕೆಲಸಕ್ಕೆ ಸಾಲದು.

ಎಣಿಸುವಾಗ ಒಂದು ಎಚ್ಚರಿಕೆ. ಜಾರ್ಜಿಯಾ ಟೆಕ್‌ನ ಎಂಎಸ್-ಎಚ್‌ಸಿಐಗೆ 36 ಕ್ರೆಡಿಟ್, ಅಲ್ಲಿನ ಎಂಎಸ್ ಸಿಎಸ್‌ಗೆ 30. ಸ್ಟ್ಯಾನ್‌ಫರ್ಡ್ ಎಂಎಸ್ ಸಿಎಸ್‌ಗೆ 45 ಯೂನಿಟ್ ಎಂದರೆ ಒಂದೂವರೆ ಪಟ್ಟು ಹೆಚ್ಚು ಓದು ಎಂದಲ್ಲ. ಅಲ್ಲಿ ಕ್ವಾರ್ಟರ್ ಪದ್ಧತಿ, ಅವಧಿಗಳು ಸೆಮಿಸ್ಟರ್‌ಗಿಂತ ಚಿಕ್ಕವು. ಕ್ವಾರ್ಟರ್‌ನ 45 ಸೆಮಿಸ್ಟರ್‌ನ 30ಕ್ಕೆ ಸಮ.

ಆಮೇಲೆ ಹಿಂದಿನ ಎರಡು ಸೆಮಿಸ್ಟರ್‌ಗಳ ವೇಳಾಪಟ್ಟಿ ಹುಡುಕಿ. ಕ್ಯಾಟಲಾಗ್‌ನಲ್ಲಿರುವ ಕೋರ್ಸ್‌ಗಳೆಲ್ಲ ಪ್ರತಿ ವರ್ಷ ನಡೆಯುವುದಿಲ್ಲ, ಕೆಲವು ಪ್ರೊಫೆಸರ್ ರಜೆ ಹೋದರೆ ಹೋಯಿತು. ಅದಕ್ಕಿಂತ ದೊಡ್ಡ ತೊಡಕು ಸೀಟಿನದು. ಮಷಿನ್ ಲರ್ನಿಂಗ್‌ನಂತಹ ಕೋರ್ಸ್‌ಗೆ ಹಲವು ಕಡೆ ಸಿಎಸ್ ವಿಭಾಗದವರಿಗೇ ಮೊದಲ ನೋಂದಣಿ, ಉಳಿದರೆ ಹೊರಗಿನವರಿಗೆ. 'ಎಚ್‌ಸಿಐಗೆ ಸೇರಿ ಸಿಎಸ್ ಎಲೆಕ್ಟಿವ್ ತೆಗೆದುಕೊಳ್ಳುತ್ತೇನೆ' ಎಂಬ ಯೋಜನೆ ಹೆಚ್ಚಾಗಿ ಮುರಿದು ಬೀಳುವುದು ಇಲ್ಲೇ. ಈಗ ಓದುತ್ತಿರುವ ಇಬ್ಬರನ್ನಾದರೂ ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಕೇಳಿ: ಕಳೆದ ಸೆಮಿಸ್ಟರ್ ನೀವು ಬಯಸಿದ ಸಿಎಸ್ ಕೋರ್ಸ್ ಸಿಕ್ಕಿತೇ, ವೇಯ್ಟ್‌ಲಿಸ್ಟ್‌ನಲ್ಲಿ ಎಷ್ಟು ಹಿಂದಿದ್ದಿರಿ? 'ಕೋರ್ಸ್ ಹೇಗಿದೆ' ಎಂದು ಕೇಳಿದರೆ 'ಚೆನ್ನಾಗಿದೆ' ಎಂಬ ಉತ್ತರವಷ್ಟೇ ಬರುತ್ತದೆ.

ಅರ್ಜಿಗೆ ಮುಂಚೆ ಎರಡನ್ನೂ ಮಾಡಿ ನೋಡಿ

ನಾಲ್ಕು ವಾರಾಂತ್ಯ ಎತ್ತಿಡಿ. ಎರಡು ಸಿಎಸ್‌ಗೆ, ಎರಡು ಎಚ್‌ಸಿಐಗೆ.

ಸಿಎಸ್ ಭಾಗಕ್ಕೆ ಒಂದು ಪುಟ್ಟ ಕನ್ನಡ ಕಾಗುಣಿತ ಪರೀಕ್ಷಕ ಬರೆಯಿರಿ. ಒಂದು ಪದಪಟ್ಟಿ, ಲೆವೆನ್‌ಸ್ಟೈನ್ ಎಡಿಟ್ ಡಿಸ್ಟೆನ್ಸ್ (ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಬದಲಾವಣೆ ಬೇಕೆಂಬ ಎಣಿಕೆ), ತಪ್ಪು ಪದಕ್ಕೆ ಹತ್ತಿರದ ಐದು ಸಲಹೆ. ಮೊದಲ ದಿನ ಸಲೀಸಾಗಿ ಓಡುತ್ತದೆ. ಎರಡನೇ ದಿನ ಕಿರಿಕಿರಿ ಶುರು. ನಮಗೆ ಒಂದೇ ಅಕ್ಷರವಾಗಿ ಕಾಣುವ 'ಕ್ಷ' ಯೂನಿಕೋಡ್‌ನಲ್ಲಿ ಮೂರು ಸಂಕೇತ: ಕ, ಹಲಂತ, ಷ. ಹಾಗಾಗಿ ಒಂದು ಅಕ್ಷರದ ತಪ್ಪನ್ನು ಪ್ರೋಗ್ರಾಮ್ ಮೂರು ಎಂದು ಎಣಿಸಬಹುದು. 'ಕೋ' ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬಿಡಿಸಿಯೂ ಸಂಗ್ರಹಿಸಬಹುದು. ಪರದೆಯ ಮೇಲೆ ಎರಡೂ ಒಂದೇ, ಹೋಲಿಸಿದರೆ ಬೇರೆ. ಮೊದಲೇ ಎನ್‌ಎಫ್‌ಸಿ, ಅಂದರೆ ಯೂನಿಕೋಡ್‌ನ ಕೂಡಿಸಿದ ಒಂದೇ ರೂಪಕ್ಕೆ ತಂದುಕೊಳ್ಳದಿದ್ದರೆ ಪಟ್ಟಿಯಲ್ಲಿರುವ ಪದವನ್ನೇ ತಪ್ಪೆನ್ನುತ್ತದೆ. ಇನ್ನು ಪಟ್ಟಿ ಒಂದು ಲಕ್ಷ ಪದಕ್ಕೆ ಬೆಳೆದಾಗ ಪ್ರತಿಯೊಂದರ ಜೊತೆಗೂ ಹೋಲಿಸುತ್ತಾ ಕೂತರೆ ಕಾಯಬೇಕಾಗುತ್ತದೆ, ಆಗ ಟ್ರೈ (ಪದಗಳನ್ನು ಮರದಂತೆ ಕವಲೊಡೆಸಿ ಇಡುವ ರಚನೆ) ಅಥವಾ ಬೇರೆ ರಚನೆ ಹುಡುಕಬೇಕು. ಕೈಯಾರೆ ತಪ್ಪು ಮಾಡಿದ 200 ಪದ ಕೊಟ್ಟು, ಸರಿಯಾದ ಪದ ಮೊದಲ ಐದು ಸಲಹೆಯೊಳಗೆ ಎಷ್ಟು ಸಲ ಬಂತು, ಒಂದಕ್ಕೆ ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂದು ಬರೆದಿಡಿ.

ಎಚ್‌ಸಿಐ ಭಾಗಕ್ಕೆ ಯಾವುದಾದರೂ ಬಸ್ ಟಿಕೆಟ್ ಅಥವಾ ಬಿಲ್ ಪಾವತಿ ಆ್ಯಪ್ ಆರಿಸಿ. ನಿಮ್ಮ ಗೆಳೆಯರ ಗುಂಪಿನಾಚೆಯ ಐದು ಜನ ಬೇಕು, ಅದರಲ್ಲಿ ಇಬ್ಬರಾದರೂ ಇಂಗ್ಲಿಷ್ ಮೆನುವಿಗೆ ಒಗ್ಗದವರಾಗಿರಲಿ. ರೆಕಾರ್ಡ್ ಮಾಡುತ್ತೇನೆಂದು ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ನಾಲ್ಕು ಕೆಲಸ ಕೊಡಿ, ಒಬ್ಬೊಬ್ಬರಿಗೆ ಮುಕ್ಕಾಲು ಗಂಟೆ. 'ನಾಡಿದ್ದು ರಾತ್ರಿ ಹುಬ್ಬಳ್ಳಿಗೆ ಕಿಟಕಿ ಪಕ್ಕದ ಸೀಟು ಬೇಕು' ಎನ್ನಿ. 'ಸೀಟ್ ಸೆಲೆಕ್ಷನ್ ಒತ್ತಿ' ಎಂದರೆ ಉತ್ತರ ನೀವೇ ಹೇಳಿಕೊಟ್ಟಂತೆ. ಇಲ್ಲಿ ತಪ್ಪುವುದು ಮುಖ್ಯವಾಗಿ ಎರಡು ಕಡೆ. ಎದುರಿನವರು ತಡವರಿಸಿದಾಗ ನಮ್ಮ ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ. ಹಿರಿಯರನ್ನು ಹಾಗೇ ಕಾಯಿಸುವುದು ಮರ್ಯಾದೆಗೇಡು ಅನ್ನಿಸುವ ನಮ್ಮೂರಲ್ಲಂತೂ ಇನ್ನೂ ಬೇಗ. ಕಷ್ಟವಾದರೂ ಸುಮ್ಮನೆ ಕೂರಬೇಕು. ಇನ್ನೊಂದು, 'ಇದು ಸುಲಭವಾಗಿತ್ತು ಅಲ್ವಾ?' ಎಂಬಂಥ ಪ್ರಶ್ನೆ. ಮನೆಗೆ ಬಂದವರ ಮನಸ್ಸು ನೋಯಿಸಬಾರದೆಂದು ಹೂಂ ಅನ್ನುತ್ತಾರೆ, ನಿಮ್ಮ ಡೇಟಾ ಅಲ್ಲಿಗೆ ಹಾಳು.

ಕೊನೆಗೆ ಬಳಸಲು ಎಷ್ಟು ಸುಲಭ ಎಂದು ಅಳೆಯುವ ಎಸ್‌ಯುಎಸ್ (ಸಿಸ್ಟಮ್ ಯೂಸಬಿಲಿಟಿ ಸ್ಕೇಲ್) ಪ್ರಶ್ನಾವಳಿ ಕನ್ನಡದಲ್ಲೇ ಕೊಡಿ. ಹತ್ತು ಹೇಳಿಕೆ, ಒಂದರಿಂದ ಐದರವರೆಗೆ ಗುರುತು. ಬೆಸ ಸಂಖ್ಯೆಯ ಹೇಳಿಕೆಯ ಅಂಕದಿಂದ 1 ಕಳೆಯಿರಿ, ಸಮ ಸಂಖ್ಯೆಯದನ್ನು 5ರಿಂದ ಕಳೆಯಿರಿ, ಎಲ್ಲ ಕೂಡಿಸಿ 2.5ರಿಂದ ಗುಣಿಸಿ. 100ಕ್ಕೆ ಸುಮಾರು 68 ಅನ್ನು ಸರಾಸರಿ ಎಂದು ಹಿಡಿಯುತ್ತಾರೆ. ಐದು ಜನರ ಅಂಕಕ್ಕೆ ಅಂಕಿಅಂಶದ ಬಲವೇನೂ ಇರದು, ಇದು ಕೈ ಪಳಗಿಸಲಷ್ಟೇ. ಆಮೇಲೆ ರೆಕಾರ್ಡಿಂಗ್‌ಗಳನ್ನು ಬರಹಕ್ಕಿಳಿಸಿ. ಮುಕ್ಕಾಲು ಗಂಟೆಯ ಮಾತಿಗೆ ಕೈಯಲ್ಲಾದರೆ ಮೂರು ಗಂಟೆ ಹಿಡಿಯುತ್ತದೆ. ಎಲ್ಲಿ ಸಿಕ್ಕಿಕೊಂಡರು ಎಂಬುದನ್ನು ಚೀಟಿಗಳಲ್ಲಿ ಬರೆದು ಗುಂಪು ಮಾಡಿ, ಅತಿ ಹೆಚ್ಚು ತೊಡಕಿನ ಒಂದು ಪರದೆಯನ್ನು ಕಾಗದದ ಮೇಲೆ ಮತ್ತೆ ಬಿಡಿಸಿ, ಹೊಸ ಮೂವರಿಗೆ ತೋರಿಸಿ.

ಈಗ ನೋಡಬೇಕಾದ್ದು ಯಾವುದರ ಫಲಿತಾಂಶ ಚೆನ್ನಾಗಿ ಬಂತು ಎಂಬುದನ್ನಲ್ಲ. ಯಾವುದರ ಬೇಸರದ ಭಾಗವನ್ನು ಸಹಿಸಿದಿರಿ ಎಂಬುದನ್ನು. ಎನ್‌ಎಫ್‌ಸಿಯ ಗೋಜಲನ್ನು ರಾತ್ರಿ ಹನ್ನೊಂದಕ್ಕೆ ಬಿಡಿಸುವಾಗ ಹಸಿವು ಮರೆತಿದ್ದರೆ ಒಂದು ಉತ್ತರ. ಮೂರನೇ ರೆಕಾರ್ಡಿಂಗ್ ಕೇಳುವಾಗಲೂ 'ಅರೆ, ಇವರೂ ಅಲ್ಲೇ ನಿಂತರು' ಎಂದು ಕುತೂಹಲ ಕೆರಳಿದ್ದರೆ ಇನ್ನೊಂದು. ಎಚ್‌ಸಿಐ ಎಂದರೆ ಫಿಗ್ಮಾ ಎಂಬ ವಿನ್ಯಾಸ ತಂತ್ರಾಂಶದಲ್ಲಿ ಚಂದದ ಸ್ಕ್ರೀನ್ ಮಾಡುವುದು ಎಂದುಕೊಂಡವರಿಗೆ ಈ ಚೀಟಿ ಅಂಟಿಸುವ ಹಂತದಲ್ಲೇ ಗೊತ್ತಾಗಿಬಿಡುತ್ತದೆ. ಲಕ್ಷಾಂತರ ರೂಪಾಯಿ ಸಾಲ ಮಾಡುವ ಮುಂಚೆ ಗೊತ್ತಾಗುವುದು ಒಳ್ಳೆಯದು.

ಈ ಪ್ರಯೋಗವನ್ನೇ ಪೋರ್ಟ್‌ಫೋಲಿಯೊಗೂ ಬಳಸಿ. ಮೂರು ಪ್ರಾಜೆಕ್ಟ್ ಸಾಕು. ಪ್ರತಿಯೊಂದರಲ್ಲೂ ತೊಂದರೆ ಯಾರದು, ಎಷ್ಟು ಜನರನ್ನು ಹೇಗೆ ನೋಡಿದಿರಿ, ಏನು ಬದಲಿಸಿದಿರಿ, ಬದಲಿಸಿದ ಮೇಲೆ ಏನಾಯಿತು, ತಂಡದಲ್ಲಿ ನಿಮ್ಮ ಪಾಲು ಯಾವುದು ಎಂಬ ಐದಕ್ಕೆ ಉತ್ತರ ಇರಲಿ. ಯಾವುದೋ ಜನಪ್ರಿಯ ಆ್ಯಪ್‌ಗೆ ಬಣ್ಣ ಬದಲಿಸಿದ 'ರೀಡಿಸೈನ್', ಒಬ್ಬ ಬಳಕೆದಾರರನ್ನೂ ಮಾತನಾಡಿಸದೆ ಮಾಡಿದ್ದು, ಆಯ್ಕೆ ಸಮಿತಿಯವರು ಕ್ಷಣದಲ್ಲಿ ಪಕ್ಕಕ್ಕಿಡುವಂಥದ್ದು. ಸಿಎಸ್ ಅರ್ಜಿಯಲ್ಲಿ ಇದಾವುದೂ ಬೇಡ. ಅಲ್ಲಿ ಗಣಿತ ಮತ್ತು ಸಿಸ್ಟಮ್ಸ್ ವಿಷಯಗಳ ಅಂಕ, ಕೋಡ್, ಶಿಫಾರಸು ಪತ್ರ. ಎರಡಕ್ಕೂ ಒಂದೇ ಎಸ್‌ಒಪಿ (ಓದುವ ಉದ್ದೇಶ ವಿವರಿಸುವ ಪತ್ರ) ಕಳುಹಿಸಿದರೆ ಎರಡರಲ್ಲೂ ಅರೆಮನಸ್ಸು ಕಾಣುತ್ತದೆ.

ಅವಧಿ, ಇಂಟರ್ನ್‌ಶಿಪ್, ವೀಸಾ

ಕಾರ್ನೆಗಿ ಮೆಲನ್‌ನ ಎಂಎಚ್‌ಸಿಐ 12 ತಿಂಗಳಲ್ಲಿ ಮೂರು ಸೆಮಿಸ್ಟರ್ ಮುಗಿಸುತ್ತದೆ, ಹೊರಗಿನ ಸಂಸ್ಥೆಯೊಂದಕ್ಕೆ ಮಾಡುವ ಕ್ಯಾಪ್‌ಸ್ಟೋನ್ ಬೇಸಿಗೆಯನ್ನೂ ನುಂಗುತ್ತದೆ. ಬಾಡಿಗೆ, ಊಟದ ಖರ್ಚು ಒಂದು ವರ್ಷದ್ದು ಉಳಿಯುತ್ತದೆ ನಿಜ. ಆದರೆ ನಡುವೆ ಬೇಸಿಗೆ ಇಂಟರ್ನ್‌ಶಿಪ್‌ಗೆ ಜಾಗವಿಲ್ಲ. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಸಿಪಿಟಿ (ಓದುವಾಗಲೇ ಇಂಟರ್ನ್‌ಶಿಪ್ ಮಾಡುವ ಅನುಮತಿ) ಸಿಗಬೇಕೆಂದರೆ ಸಾಮಾನ್ಯವಾಗಿ ಒಂದು ಪೂರ್ಣ ಶೈಕ್ಷಣಿಕ ವರ್ಷ ಓದಿರಬೇಕು. ವರ್ಷದ ಕೋರ್ಸ್‌ನಲ್ಲಿ ಅಷ್ಟು ಹೊತ್ತಿಗೆ ಓದೇ ಮುಗಿಯುತ್ತಾ ಬಂದಿರುತ್ತದೆ. ಕೆಲಸದ ಅನುಭವ ಇರುವವರಿಗೆ ಇದು ತೊಂದರೆಯಲ್ಲ. ಈಗಷ್ಟೇ ಬಿಇ ಮುಗಿಸಿದವರು ಎರಡು ವರ್ಷದ ಕೋರ್ಸ್ ಹಿಡಿಯುವುದು ಲೇಸು, ಏಕೆಂದರೆ ಮೊದಲ ಕೆಲಸ ಹೆಚ್ಚಾಗಿ ಇಂಟರ್ನ್‌ಶಿಪ್ ಮಾಡಿದ ಕಡೆಯಿಂದಲೇ ಬರುತ್ತದೆ. ಅಂದಹಾಗೆ ಪೂರ್ಣಾವಧಿ ಸಿಪಿಟಿಯನ್ನು 12 ತಿಂಗಳು ಬಳಸಿದರೆ ಅದೇ ಮಟ್ಟದ ಪದವಿಯ ಒಪಿಟಿ (ಓದು ಮುಗಿದ ಮೇಲೆ ಕೆಲಸ ಮಾಡುವ ಅನುಮತಿ) ಹೋಗಿಬಿಡುತ್ತದೆ.

ಪದವಿಯ ನಂತರ ಒಪಿಟಿ 12 ತಿಂಗಳು. ಕೋರ್ಸ್‌ನ ಸಿಐಪಿ ಕೋಡ್ (ವಿಷಯವನ್ನು ಗುರುತಿಸುವ ಸರ್ಕಾರಿ ಸಂಖ್ಯೆ) ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು, ಅದಕ್ಕೆ ಕಂಪನಿ ನೌಕರರ ಅರ್ಹತೆ ಪರೀಕ್ಷಿಸುವ ಸರ್ಕಾರಿ ವ್ಯವಸ್ಥೆಯಾದ ಇ-ವೆರಿಫೈನಲ್ಲಿ ಇರಬೇಕು. ಕಂಪ್ಯೂಟರ್ ಸೈನ್ಸ್‌ನ ಕೋಡ್ 11.0701, ಅಲ್ಲಿ ಅನುಮಾನವೇ ಇಲ್ಲ. ಎಚ್‌ಸಿಐ ಕಡೆ ವಿಚಾರಿಸಿಯೇ ಹೋಗಬೇಕು. 2022ರ ಜನವರಿಯಲ್ಲಿ ಹ್ಯೂಮನ್-ಸೆಂಟರ್ಡ್ ಟೆಕ್ನಾಲಜಿ ಡಿಸೈನ್ ಎಂಬ ವಿಷಯ ಪಟ್ಟಿಗೆ ಸೇರಿತು. ಆದರೆ ಕಲಾ ಅಥವಾ ಡಿಸೈನ್ ಸ್ಕೂಲಿನಲ್ಲಿ ನಡೆಯುವ ಇಂಟರಾಕ್ಷನ್ ಡಿಸೈನ್ ಪದವಿ ಪಟ್ಟಿಯ ಹೊರಗಿನ ಕೋಡ್‌ನಲ್ಲಿರಬಹುದು. ಕೋಡ್ ಯಾವುದೆಂದು ಇಮೇಲ್‌ನಲ್ಲಿ ಬರೆದು ಕೇಳಿ, ಬರೆದ ಉತ್ತರವನ್ನೇ ಇಟ್ಟುಕೊಳ್ಳಿ. ಒಪಿಟಿಯಲ್ಲಿ ಕೆಲಸವಿಲ್ಲದೆ ಇರಬಹುದಾದ್ದು ಒಟ್ಟು 90 ದಿನ, ಸ್ಟೆಮ್ ವಿಸ್ತರಣೆ ಸಿಕ್ಕರೆ ಎರಡೂ ಸೇರಿ 150. ಯುಎಕ್ಸ್‌ನಲ್ಲಿ ಆರಂಭಿಕ ಹುದ್ದೆಗಳು ಸಾಫ್ಟ್‌ವೇರ್‌ಗಿಂತ ಬಹಳ ಕಡಿಮೆ. 2022-23ರ ಲೇಆಫ್‌ಗಳಲ್ಲಿ ರಿಸರ್ಚ್ ತಂಡಗಳಿಗೂ ಕತ್ತರಿ ಬಿತ್ತು. ಹೀಗಿರುವಾಗ ಆ 90 ದಿನ ಬೇಗ ಕರಗುತ್ತದೆ. ಸಾಲದ ಕಂತು ನಿಮ್ಮ ಸಂಬಳದ ಮೇಲೆಯೇ ನಿಂತಿದ್ದರೆ ಈ ಒಂದು ಕಾರಣಕ್ಕೇ ಸಿಎಸ್ ಕಡೆ ವಾಲಿದರೂ ತಪ್ಪಿಲ್ಲ.

ಬೆಂಗಳೂರಿನ ಕೆಲಸ ಬಿಡದೆ ಓದಬೇಕೆನ್ನುವವರಿಗೆ ಜಾರ್ಜಿಯಾ ಟೆಕ್‌ನ ಆನ್‌ಲೈನ್ ಎಂಎಸ್ ಸಿಎಸ್, ಅಂದರೆ ಒಎಂಎಸ್‌ಸಿಎಸ್ ಇದೆ. 2014ರಲ್ಲಿ ಶುರುವಾದಾಗ ಇಡೀ ಪದವಿಗೆ 7,000 ಡಾಲರ್ ಆಸುಪಾಸು ಎಂಬುದೇ ಸುದ್ದಿಯಾಗಿತ್ತು. ಹತ್ತು ಕೋರ್ಸ್, ಎಚ್‌ಸಿಐ ಸ್ಪೆಶಲೈಸೇಶನ್ ಕೂಡ ಉಂಟು. ಇದರಿಂದ ಅಮೆರಿಕದ ಕೆಲಸದ ವೀಸಾ ದಾರಿ ತೆರೆಯುವುದಿಲ್ಲ ಎಂಬುದು ನೆನಪಿರಲಿ.

ಪಿಎಚ್‌ಡಿ ಮನಸ್ಸಿನಲ್ಲಿದ್ದರೆ ಲೆಕ್ಕವೇ ಬೇರೆ. ಕ್ಯಾಪ್‌ಸ್ಟೋನ್ ಎಷ್ಟೇ ಚೆನ್ನಾಗಿದ್ದರೂ ಸಂಶೋಧನಾ ಪ್ರಬಂಧವಲ್ಲ. ಥೀಸಿಸ್ ಆಯ್ಕೆ ಇರುವ ಎಂಎಸ್ ನೋಡಿ, ಸಿಎಸ್‌ರ‍್ಯಾಂಕಿಂಗ್ಸ್ ಜಾಲತಾಣದಲ್ಲಿ ಎಚ್‌ಸಿಐ ವಿಭಾಗ ಮಾತ್ರ ಆರಿಸಿಕೊಂಡು ಸಿಎಚ್‌ಐ, ಯುಐಎಸ್‌ಟಿ, ಯುಬಿಕಾಂಪ್ ಸಮ್ಮೇಳನಗಳಲ್ಲಿ ಯಾರು ಬರೆಯುತ್ತಿದ್ದಾರೆಂದು ಹುಡುಕಿ, ಅವರ ಲ್ಯಾಬ್‌ಗೆ ಎಂಎಸ್ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತಾರೆಯೇ ಎಂದು ಕೇಳಿ.

ಇಲ್ಲೇ ಓದುವುದಾದರೆ

ಸಿಎಸ್ ಎಂಟೆಕ್‌ಗೆ ಗೇಟ್ ಪರೀಕ್ಷೆ, ಅಂಕಕ್ಕೆ ಮೂರು ವರ್ಷದ ಆಯುಸ್ಸು. ಇಂಟರಾಕ್ಷನ್ ಡಿಸೈನ್‌ಗೆ ಎಂ.ಡೆಸ್, ಅಂದರೆ ಡಿಸೈನ್‌ನ ಸ್ನಾತಕೋತ್ತರ ಪದವಿ. ಐಐಟಿ ಬಾಂಬೆಯ ಡಿಸೈನ್ ಸ್ಕೂಲ್ ಐಡಿಸಿ 1969ರಷ್ಟು ಹಳೆಯದು, ಅಲ್ಲಿಗೆ ಸೀಡ್ ಎಂಬ ಡಿಸೈನ್ ಪ್ರವೇಶ ಪರೀಕ್ಷೆಯ ಮೂಲಕ ಪ್ರವೇಶ. ಅಂಕ ಒಂದೇ ವರ್ಷ ಊರ್ಜಿತ. ಸೀಡ್‌ನ ಎರಡನೇ ಭಾಗದಲ್ಲಿ ಪೆನ್ಸಿಲ್ ಹಿಡಿದು ಚಿತ್ರ ಬಿಡಿಸಬೇಕು, ಎಂಜಿನಿಯರಿಂಗ್‌ನವರು ಮುಗ್ಗರಿಸುವುದು ಅಲ್ಲಿ. ಕೈ, ಮುಖ, ನಿಂತ ಮನುಷ್ಯ, ಬಸ್ ನಿಲ್ದಾಣದ ನೋಟ ಇವನ್ನು ಆರು ತಿಂಗಳು ದಿನಾ ಅರ್ಧ ಗಂಟೆ ಬಿಡಿಸಿದರೆ ದಾಟಬಹುದು. ಎನ್‌ಐಡಿಗೆ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್) ಅದರದೇ ಡ್ಯಾಟ್ ಪರೀಕ್ಷೆ, ಇಂಟರಾಕ್ಷನ್ ಡಿಸೈನ್ ಇರುವುದು ತುಮಕೂರು ರಸ್ತೆ ಬದಿಯ ಬೆಂಗಳೂರು ಕ್ಯಾಂಪಸ್‌ನಲ್ಲಿ. ಇವು ಡಿಸೈನ್ ಪದವಿಗಳು. ಕೋಡ್ ಕಲಿಯಲು ಅಲ್ಲಿಗೆ ಹೋಗಬೇಡಿ.

ಜರ್ಮನಿಯ ವೈಮಾರ್‌ನಲ್ಲಿ ಬೌಹೌಸ್ ವಿಶ್ವವಿದ್ಯಾಲಯದ ಎಚ್‌ಸಿಐ ಎಂಎಸ್ಸಿ ಇಂಗ್ಲಿಷಿನಲ್ಲಿದೆ, ಅದರ ಒಲವು ಸಿಎಸ್ ಕಡೆಗೇ. ಜರ್ಮನಿಗೆ ಹೋಗುವವರು ಅಂಕಪಟ್ಟಿಗಳ ಸಾಚಾತನ ದೃಢಪಡಿಸುವ ಎಪಿಎಸ್ ಪ್ರಮಾಣಪತ್ರಕ್ಕೆ ಮೊದಲೇ ಅರ್ಜಿ ಹಾಕಿ. ವಿಟಿಯು ಟ್ರಾನ್ಸ್‌ಕ್ರಿಪ್ಟ್ ಕೂಡ ಬೇಸಿಗೆಯಲ್ಲೇ ತರಿಸಿಟ್ಟುಕೊಳ್ಳಿ. ಅಮೆರಿಕದ ಹೆಚ್ಚಿನ ಗಡುವುಗಳು ಡಿಸೆಂಬರ್-ಜನವರಿಯಲ್ಲಿ ಬೀಳುತ್ತವೆ.

ಎರಡು ಕಡೆಯ ಅಡ್ಮಿಟ್ ಕೈಗೆ ಬಂದಾಗ ಡೆಪಾಸಿಟ್ ಕಟ್ಟುವ ಮುನ್ನ ಆ ಕ್ರೆಡಿಟ್ ಶೀಟನ್ನು ಮತ್ತೆ ತೆರೆದು ಹೊಸ ಕೈಪಿಡಿಗೆ ತಾಳೆ ಹಾಕಿ, ಐ-20 (ವೀಸಾಗೆಂದು ವಿಶ್ವವಿದ್ಯಾಲಯ ಕೊಡುವ ಪತ್ರ) ಬಂದಾಗ ಅದರಲ್ಲಿ ಮುದ್ರಿಸಿದ ಸಿಐಪಿ ಕೋಡ್ ನಿಮಗೆ ಇಮೇಲ್‌ನಲ್ಲಿ ಹೇಳಿದ್ದೇ ಹೌದೇ ನೋಡಿ. ಮೊದಲು ಎಚ್‌ಸಿಐಗೆ ಸೇರಿ ಆಮೇಲೆ ಒಳಗಿಂದಲೇ ಸಿಎಸ್‌ಗೆ ಬದಲಾಯಿಸಿಕೊಳ್ಳೋಣ ಎಂದು ಯಾರಾದರೂ ಸಲಹೆ ಕೊಟ್ಟರೆ, ಆ ವಿಶ್ವವಿದ್ಯಾಲಯದಲ್ಲಿ ಹಾಗೆ ಬದಲಾಗಲು ಹೊಸ ಅರ್ಜಿ ಬೇಕೇ ಎಂದು ಕೇಳಿ. ಬಹುತೇಕ ಕಡೆ ಬೇಕು, ಮತ್ತು ಆ ಅರ್ಜಿ ಹೊರಗಿನಿಂದ ಬಂದ ಎಲ್ಲ ಅರ್ಜಿಗಳ ಜೊತೆ ಅದೇ ಸಾಲಿನಲ್ಲಿ ನಿಲ್ಲುತ್ತದೆ.